ಹವ್ಯಾಸಿ ರಸವಾರ್ತಿಕ ಮೀಮಾಂಸೆ

ಅಥ ಲಕ್ಷಣನಿರ್ಣಯಃ. ಯಾವ ಪತ್ರಿಕೆಯ ಊಳಿಗಕ್ಕೂ ಒಳಪಡದೆ, ಪದವೊಂದಕ್ಕೆ ಇಷ್ಟೆಂಬ ಕರಾರಿನ ಮೇಲೆ ರಸಾಯನ ಹಾಗೂ ದ್ರವ್ಯವಿಜ್ಞಾನಗಳ ವಾರ್ತೆಯನ್ನು ಬರೆದು ಬದುಕುವ, ಅಥವಾ ಬದುಕಲು ಯತ್ನಿಸುವ ಪ್ರಾಣಿಗೆ ಕನ್ನಡದಲ್ಲಿ 'ಹವ್ಯಾಸಿ ಪತ್ರಕರ್ತ'ನೆಂಬ ಸಂಜ್ಞೆಯಿರುವುದು. ಹವ್ಯಾಸಕ್ಕೆ ಕೂಲಿ ಕೇಳುವವರುಂಟೆ ಎಂಬ ಪೂರ್ವಪಕ್ಷವು ಆ ಸಂಜ್ಞೆಯ ಗರ್ಭದಲ್ಲಿಯೇ ಅಡಗಿರುವುದರಿಂದ, ಸಂಪಾದಕರು ಅದನ್ನು ಪ್ರತ್ಯೇಕವಾಗಿ ವಾದಿಸುವ ಶ್ರಮ ವಹಿಸರು. ಕೂಲಿಗೆ 'ಸಂಭಾವನೆ'ಯೆಂದು ಹೆಸರು; ಸಂಭಾವನೆಯೇ ಉತ್ಪ್ರೇಕ್ಷೆಯೆಂದು ಆಲಂಕಾರಿಕ ಮಮ್ಮಟನು ಲಕ್ಷಣ ಹೇಳಿರುವನಷ್ಟೆ. ಪಂಪನ ತಾಯಿಯ ತವರಾದ ಅಣ್ಣಿಗೇರಿಯಲ್ಲಿ ಕುಳಿತು ಬರೆಯುವವನಿಗೆ, ಅರಿಕೇಸರಿಯು ಕವಿಗೆ ಧರ್ಮಪುರವೆಂಬ ಅಗ್ರಹಾರವನ್ನಿತ್ತುದು ಆಗಾಗ ನೆನಪಾಗುವುದುಂಟು. ಆದರೆ ಪಂಪನು ಬರೆದುದು ಭಾರತವನ್ನು, ಜೇಡಿಮಣ್ಣಿನ ಮೇಲಲ್ಲ.

ಇನ್ನು ದ್ರವ್ಯನಿರ್ಣಯ. ನವಲಗುಂದ ಸೀಮೆಯ ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಕುಲದ ಜೇಡಿಯೇ ಪ್ರಧಾನ. ಆ ಕುಲದಲ್ಲಿ ಅಗ್ರಗಣ್ಯವಾದುದು ಮಾಂಟ್‌ಮೊರಿಲೊನೈಟ್. ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನಷ್ಟೇ ದಪ್ಪವಾದ ಅದರ ಹಾಳೆಗಳ ನಡುವೆ ಮಳೆಗಾಲದಲ್ಲಿ ನೀರು ಹೊಕ್ಕು ಮಣ್ಣು ಉಬ್ಬುವುದು. ಬೇಸಗೆಯಲ್ಲಿ ನೀರಾರಿ, ಕುಗ್ಗಿ, ಹೊಲವೆಲ್ಲ ಬಿರಿಯುವುದು. ಶುದ್ಧವಾದ 1 ಗ್ರಾಮಿನ ಹಾಳೆಗಳನ್ನೆಲ್ಲ ಬಿಡಿಸಿ ಲೆಕ್ಕವಿಟ್ಟರೆ ಸುಮಾರು 700 ಚದರ ಮೀಟರ್, ಅರ್ಥಾತ್ 7 ಗುಂಟೆ ಮೇಲ್ಮೈ ಲಭ್ಯವು. 40 ಗುಂಟೆಗೆ ಒಂದು ಎಕರೆಯಾದುದರಿಂದ, 6 ಗ್ರಾಮನ್ನು ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಂಡ ರಸವಾರ್ತಿಕನು ಎಕರೆಯ ಒಡೆಯನೆಂಬುದು ಗಣಿತಸಿದ್ಧ.

ಈ ಸಿದ್ಧಾಂತವನ್ನು ಎರೆಹೊಲದ ಬದುವಿನಲ್ಲಿ ಮಂಡಿಸಲಾಗಿ, ಹೊಲದೊಡೆಯ ಅಜ್ಜನು, "ಏಳು ಗುಂಟೆ ಐತಿ ಅಂದ್ರ ಉತಾರದಾಗ ಯಾಕ ಬರಂಗಿಲ್ಲೋ ತಮ್ಮಾ?" ಎಂದು ಕೇಳಿದನು. ನಾನು ನಿರುತ್ತರನಾಗಲು, ಆತನೇ ಕರುಣೆಯಿಂದ, "ಬ್ಯಾಸಗ್ಯಾಗ ಬಾಯಿ ಬಿಟ್ಟು, ಮ್ಯಾಲಿನ ಮಣ್ಣ ಒಳಗ ನುಂಗಿ, ಎರಿ ತನ್ನ ತಾನ ಹರಗಿಕೋತೈತಿ; ಇದನ್ನ ಬರಿ" ಎಂದನು. ಮೃತ್ತಿಕಾಶಾಸ್ತ್ರವು ಹೇಳುವುದೂ ಇದನ್ನೇ, ಇನ್ನಷ್ಟು ಕ್ಲಿಷ್ಟವಾಗಿ.

ಪದದ ಕರಾರೆಂಬ ಮಳೆಗೆ ನನ್ನ ಲೇಖನವು 1200 ಪದಗಳಿಗೆ ಉಬ್ಬಿತು. ಸಂಪಾದಕರ ಬಿಸಿಲಿಗೆ 300ಕ್ಕೆ ಇಳಿಯಿತು. ನನ್ನ ಗುಂಟೆಗಳೆಲ್ಲ ಬಿರುಕಿನಲ್ಲಿ ಬಿದ್ದುಹೋಗಿ, ಕತ್ತರಿಗೆ ಸಿಗದೆ ಉಳಿದುದು ಅಜ್ಜನ ಮಾತೊಂದೇ. ಆದುದರಿಂದ ಆ ಲೇಖನದ ಸಂಭಾವನೆಯು ನ್ಯಾಯವಾಗಿ ಅವನಿಗೇ ಸಲ್ಲತಕ್ಕದ್ದೆಂದು ನಿರ್ಣಯಿಸಿ, ಹಣ ಬಂದ ಕೂಡಲೇ ತಂದುಕೊಡುವೆನೆಂದು ಹೇಳಿಬಂದೆನು. ಅಜ್ಜನು ಮಮ್ಮಟನನ್ನು ಓದಿಕೊಂಡವನಂತೆ ನಕ್ಕನು.