ಮೊದಲು ಮೇಲುಕೋಟೆ, ಆಮೇಲೆ ಮಾತು

ಸೈಕಲ್ ಸವಾರರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರದ ಸುತ್ತಿನ ಯೋಜನೆ ಗುರುವಾರವೇ ಮುಗಿದಿರುತ್ತೆ. ಶನಿವಾರ ರಾತ್ರಿಯ ಹೊತ್ತಿಗೆ ಬರುವವರೂ ಮುಗಿದಿರುತ್ತಾರೆ. ಒಬ್ಬರ ಮನೆಗೆ ನೆಂಟರು, ಇನ್ನೊಬ್ಬರಿಗೆ ಮಂಡಿನೋವು. ಒಂದಂತೂ ನಿಜ, ಯಾರು ಬರೋದೇ ಇಲ್ಲವೋ ಅವರ ಸಲಹೆಯೇ ಎಲ್ಲಕ್ಕಿಂತ ಉದ್ದ.

ಮಂಡ್ಯದ ಸುತ್ತನ್ನೇ ತಗೊಳ್ಳಿ. ಮಂಡ್ಯ, ದುದ್ದ, ಜಕ್ಕನಹಳ್ಳಿ, ಮೇಲುಕೋಟೆ. ಇಳಿದು ಪಾಂಡವಪುರ, ಶ್ರೀರಂಗಪಟ್ಟಣ, ಮತ್ತೆ ಮಂಡ್ಯ. ಹೆಚ್ಚುಕಮ್ಮಿ ನೂರು ಕಿಲೋಮೀಟರು. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನ ಲೆಕ್ಕದಲ್ಲಿ ಹದಿಮೂರೂವರೆ ಗಂಟೆಯಲ್ಲಿ ಇನ್ನೂರು ಕಿಲೋಮೀಟರ್ ತುಳಿಯೋದು ಬರೀ ಶುರು. ಹಾಗಾಗಿ ನಮ್ಮದು ಶೌರ್ಯವೂ ಅಲ್ಲ, ಸೋಮಾರಿತನವೂ ಅಲ್ಲ; ಮಧ್ಯಮವರ್ಗದ ಸಾಹಸ.

ಜಗಳ ಇರೋದು ಯಾವ ಕಡೆಯಿಂದ ಸುತ್ತಬೇಕು ಅನ್ನೋದರಲ್ಲಿ. ಭಕ್ತರ ಬಣ ಹೇಳುತ್ತೆ: ಮೊದಲು ಶ್ರೀರಂಗಪಟ್ಟಣ, ಆಮೇಲೆ ಮೇಲುಕೋಟೆ. ಹಾಗೆ ಹೋದರೆ ಬಲಕ್ಕೆ ಬಲಕ್ಕೆ ತಿರುಗಿ ಪ್ರದಕ್ಷಿಣೆಯಾಗುತ್ತಂತೆ. ಪುಣ್ಯ ಬರಬಹುದು, ಆದರೆ ವಾಯುದೇವರು ಮಾತ್ರ ಅಪ್ರದಕ್ಷಿಣೆಯ ಪಕ್ಷ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿ ಬೀಸೋದು ಪಶ್ಚಿಮ, ನೈಋತ್ಯದಿಂದ. ಬೆಳಿಗ್ಗೆ ಮೆತ್ತಗಿದ್ದು ಬಿಸಿಲೇರಿದಂತೆ ಜೋರಾಗುತ್ತೆ. ಶ್ರೀರಂಗಪಟ್ಟಣದಿಂದ ಮಂಡ್ಯ ಇರೋದು ಈಶಾನ್ಯದ ಕಡೆ. ಅಂದರೆ ಮೇಲುಕೋಟೆಯನ್ನು ತಂಪುಹೊತ್ತಲ್ಲೇ ಹತ್ತಿ ಮುಗಿಸಿದರೆ, ಕಾಲು ಸತ್ತುಹೋದ ಕಡೆಯ ಭಾಗದಲ್ಲಿ ಗಾಳಿಯೇ ಬೆನ್ನಿಗೆ ಕೈಕೊಟ್ಟು ಮನೆ ಮುಟ್ಟಿಸುತ್ತೆ. ಇಷ್ಟು ಬಿಟ್ಟು ಯೋಜನೆಯಲ್ಲಿ ಬೇರೆ ಏನೂ ಇಲ್ಲ. ಮಿಕ್ಕಿದ್ದೆಲ್ಲ ಹೊಟ್ಟೆಯ ವಿಚಾರ.

ಮೇಲುಕೋಟೆ ಮಂಡ್ಯಕ್ಕಿಂತ ಸುಮಾರು ಇನ್ನೂರು ಮೀಟರ್ ಎತ್ತರ. ಮ್ಯಾಪಿನಲ್ಲಿ ನೋಡಿದರೆ ಏನೇನೂ ಅಲ್ಲ. ಕಡೆಯ ಏರಿನಲ್ಲಿ ತುಳಿಯುವಾಗ ಮ್ಯಾಪು ಮಾಡಿದವನ ವಂಶವೇ ನೆನಪಾಗುತ್ತೆ. ಮೇಲೆ ಹೋದಮೇಲೆ ಪುಳಿಯೋಗರೆ ಉಂಟು. ಒಂದು ತಟ್ಟೆ ತಿಂದವರು ಇಳೀತಾರೆ. ಮೂರು ತಟ್ಟೆ ಮುಗಿಸಿ ಮೇಲೊಂದು ಸಕ್ಕರೆ ಪೊಂಗಲ್ ಹೊಡೆದವರು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಇತಿಹಾಸ ಮಾತಾಡ್ತಾರೆ. ಅವರನ್ನು ಕಾಯಬೇಡಿ. ವೈರಮುಡಿ ಉತ್ಸವದ ದಿನವಂತೂ ಈ ಕಡೆ ಸೈಕಲ್ ತಿರುಗಿಸಲೇಬೇಡಿ, ಕಾಲಿಡಲೂ ಜಾಗವಿರೋಲ್ಲ.

ಸುಗ್ಗಿ ಕಾಲದ ಕಥೆಯೇ ಬೇರೆ. ರಸ್ತೆಯೇ ಕಣ. ಹುರುಳಿಯೋ ರಾಗಿಯೋ ಡಾಂಬರಿನ ಮೇಲೆ ಹರಡಿರುತ್ತೆ, ಬಸ್ಸು ಲಾರಿಗಳೇ ಒಕ್ಕಣೆ ಮಾಡ್ತವೆ. ನಿಮ್ಮ ತೆಳ್ಳನೆ ಟೈರು ಅದರಲ್ಲಿ ನುಗ್ಗಿದರೆ ಹುರುಳಿಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ಚೈನು ಗಪ್. ಬಳ್ಳಿಯನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತ ಕೂತಾಗ ಪಕ್ಕದಲ್ಲಿ ಒಬ್ಬರು ಬಂದು ನಿಂತೇ ನಿಲ್ತಾರೆ.

“ಎಷ್ಟು ಕೊಟ್ರಿ ಸಾ ಈ ಸೈಕಲ್ಗೆ?”

ಸಂಕೋಚದಿಂದ ಅರ್ಧ ಬೆಲೆ ಹೇಳಿ ನೋಡಿ. ಅದಕ್ಕೂ ಅವರು ಬೆಚ್ಚಿಬೀಳ್ತಾರೆ. “ಅಯ್ಯೋ, ಒಂದು ಸ್ಟ್ಯಾಂಡೂ ಇಲ್ವಲ್ಲ! ಕ್ಯಾರಿಯರ್ರೂ ಇಲ್ಲ. ಈ ದುಡ್ಗೆ ಒಂದ್ ಹಳೇ ಬೈಕೇ ಬತ್ತಿತ್ತಲ್ಲ ಸಾ.” ಇದಕ್ಕೆ ಉತ್ತರವಿಲ್ಲ, ಹುಡುಕಬೇಡಿ. ಹೆಂಡತಿ ಕೇಳಿದಾಗಲೂ ಇರಲಿಲ್ಲ.

ಪಂಚರ್ ವಿಷಯ ಮಾತ್ರ ತಮಾಷೆಯಲ್ಲ. ರೋಡ್ ಬೈಕಿನ ಟ್ಯೂಬಿಗೆ ಇರೋದು ಸಪೂರ ಮೂತಿಯ ಪ್ರೆಸ್ಟಾ ವಾಲ್ವ್, ಫ್ರೆಂಚ್ ವಾಲ್ವ್ ಅಂತಲೂ ಅದಕ್ಕೆ ಹೆಸರು. ನಮ್ಮ ಪಂಚರ್ ಅಂಗಡಿಯ ಪಂಪು ಅದಕ್ಕೆ ಕೂರೋದೇ ಇಲ್ಲ. ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಹೈದರ್, ಟಿಪ್ಪು ಪರ ಬಂದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿತ್ತು. ಆದರೆ ಬೀಡುಬಿಟ್ಟವರು ಪಂಪು ಬಿಟ್ಟುಹೋಗಲಿಲ್ಲ. ಪುಟಾಣಿ ಹಿತ್ತಾಳೆ ಅಡಾಪ್ಟರ್ ಒಂದು ಬರುತ್ತೆ, ವಾಲ್ವಿಗೆ ತಿರುಪಿದರೆ ಬೈಕಿಗೆ ಗಾಳಿ ಹಾಕುವ ಪಂಪೇ ಸಾಕು. ಎರಡು ಟ್ಯೂಬಿನ ಜೊತೆ ಅದನ್ನೂ ಜೇಬಲ್ಲಿಡಿ. ಹೊಳೆಯುವ ಜರ್ಸಿಗಿಂತ ಅದರ ಉಪಯೋಗ ಹೆಚ್ಚು.

ತೊಣ್ಣೂರು ಕೆರೆಗೆ ಒಂದು ಗಳಿಗೆ ಇಣುಕಿ ಬರೋಣ ಅಂತ ಯಾರಾದರೂ ರಾಗ ತೆಗೀತಾರೆ. ನೀರು ನೋಡಿದವರು ಇಳೀತಾರೆ, ಇಳಿದವರು ಏಳೋಲ್ಲ. ಇನ್ನೊಂದು ಭಾನುವಾರಕ್ಕಿರಲಿ.

ಶ್ರೀರಂಗಪಟ್ಟಣ ದಾಟಿದ ಮೇಲೆ ಸಿಗುವ ಎಕ್ಸ್‌ಪ್ರೆಸ್‌ವೇಯ ನುಣುಪು ಕಂಡು ಆಸೆಪಡಬೇಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರಿಗೇ ಪ್ರವೇಶವಿಲ್ಲ, ಇನ್ನು ನಮ್ಮ ಸೈಕಲ್ ಯಾವ ಲೆಕ್ಕ? ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ದಾರಿ ಬಿಡೋದು ನೀವೇ. ಕತ್ತಲಾದ ಮೇಲಂತೂ ಅದರ ಹಿಂದೆ ದೀಪ ಇರುತ್ತೆ ಅಂತ ನಂಬಬೇಡಿ.

ಮಂಡ್ಯ ಮುಟ್ಟಿದಾಗ ಸ್ಟ್ರಾವಾ ತೊಂಬತ್ತೇಳು ತೋರಿಸಿತು ಅಂತಿಟ್ಟುಕೊಳ್ಳಿ. ಮಿಕ್ಕ ಮೂರಕ್ಕೆ ಮನೆಮುಂದಿನ ಬೀದಿಯಲ್ಲೇ ಗಿರಗಿರ ತಿರುಗುವ ಮಹನೀಯರಿದ್ದಾರೆ, ನಾಯಿಗಳಿಗೂ ಅವರ ಪರಿಚಯವಾಗಿಬಿಟ್ಟಿದೆ. ನೀವು ಆ ಕೆಲಸಕ್ಕೆ ಕೈಹಾಕದೆ, ಒಂದು ಎಳನೀರು ಕುಡಿದು ಮಲಗಿ. ಗುಂಪಿನಲ್ಲಿ ನೂರು ಅಂತಲೇ ಹಾಕಿ. ಬರದೇ ಉಳಿದವರಿಗೆ ಕೇಳುವ ಹಕ್ಕಿಲ್ಲ.