ಡಿಜಿಟಲ್ ಭಂಡಾರಕ್ಕೊಂದು ಕಪಾಟು: ಬಳಕೆಯ ಕೈಪಿಡಿ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಖರೀದಿಗೆ ಕೈಹಾಕಿ. ಓದುವಷ್ಟರಲ್ಲಿ ಮಾರ್ಚ್ 31 ಬಂದುಬಿಟ್ಟರೆ ಓದುವುದನ್ನು ಬಿಟ್ಟು ಬಿಲ್ ಮಾಡಿಸಿ. ವಾಪಸ್ ಹೋದ ಅನುದಾನಕ್ಕೆ ಬ್ಯಾಕಪ್ ಇರುವುದಿಲ್ಲ.

ಹಂತ 1. ಇಡಬೇಕಾದ ಸಾಮಾನು ಏನೇನಿದೆ ನೋಡಿಕೊಳ್ಳಿ. ಪಟ್ಟಿಯಲ್ಲಿ ಇರುವುದು: ಹಳೆಯ ಪತ್ರಿಕೆಗಳು, ತಾಳೆಗರಿಯ ಚಿತ್ರಗಳು, ಹರಿಕಥೆಯ ಧ್ವನಿಮುದ್ರಣ. ಕಂಪ್ಯೂಟರಿನಲ್ಲಿ ಇರುವುದು: ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ 2’, ‘ಫೈನಲ್’, ‘ನಿಜವಾದ ಫೈನಲ್’, ಜೊತೆಗೆ ಯಾರದೋ ಗೃಹಪ್ರವೇಶದ ಫೋಟೊಗಳು. ಈಗ ಲೆಕ್ಕ ಹಾಕಿ. ಎ4 ಅಳತೆಯ ಒಂದು ಪುಟವನ್ನು 600 ಡಿಪಿಐನಲ್ಲಿ, ಬಣ್ಣದಲ್ಲಿ, ಕುಗ್ಗಿಸದೆ ಟಿಫ್ ಮಾಡಿದರೆ ಸುಮಾರು 100 ಎಂಬಿ. ಮುನ್ನೂರು ಪುಟದ ಪುಸ್ತಕಕ್ಕೆ 30 ಜಿಬಿ, ಸಾವಿರ ಪುಸ್ತಕಕ್ಕೆ 30 ಟಿಬಿ. ಡಿಜಿಟಲ್ ಆದರೆ ಜಾಗ ಉಳಿಯುತ್ತದೆ ಎಂದು ಉದ್ಘಾಟನೆಯಲ್ಲಿ ಭಾಷಣ ಮಾಡಿದವರಿಗೆ ಇದನ್ನು ತೋರಿಸಬೇಡಿ.

ಹಂತ 2. ಕಪಾಟು ಆರಿಸಿ. ಸಿಡಿಯ ಮಾತು ಬೇಡ. ಅದೀಗ ತೋಟದಲ್ಲಿ ಹಕ್ಕಿ ಓಡಿಸುವ ಕೆಲಸದಲ್ಲಿದೆ. ಎರಡು ಡಿಸ್ಕಿನ ರೇಡ್ ಪೆಟ್ಟಿಗೆ ತಂದರೆ ಒಂದು ಡಿಸ್ಕು ಸತ್ತರೂ ಇನ್ನೊಂದು ಮನೆ ನಡೆಸುತ್ತದೆ. ಆದರೆ ನೀವು ತಪ್ಪಿ ಅಳಿಸಿದ ಫೈಲನ್ನು ಅದು ಎರಡೂ ಕಡೆಯಿಂದ ಅಷ್ಟೇ ನಿಷ್ಠೆಯಿಂದ ಅಳಿಸಿಹಾಕುತ್ತದೆ. ‘ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಸಾರ್?’ ಎಂದು ಕೇಳುವವರಿಗೆ ಟೀ ಕುಡಿಸಿ ಕಳಿಸಿ.

ಟೇಪಿನ ಬಗ್ಗೆ ಮೂಗು ಮುರಿಯಬೇಡಿ. ಎಲ್‌ಟಿಒ-9 ಎಂಬ ಅಂಗೈಯಗಲದ ಕ್ಯಾಸೆಟ್ಟು 18 ಟಿಬಿ ನುಂಗುತ್ತದೆ, ತಂಪಾದ, ಒಣ ಜಾಗದಲ್ಲಿ ಇಟ್ಟರೆ 30 ವರ್ಷ ಬಾಳುತ್ತದೆ ಎನ್ನುತ್ತಾರೆ, ಕರೆಂಟನ್ನೂ ಕೇಳುವುದಿಲ್ಲ. ತಕರಾರು ಇರುವುದು ಡ್ರೈವಿನದು. ಎಲ್‌ಟಿಒ-9ರ ಡ್ರೈವಿಗೆ ತನ್ನದು ಮತ್ತು ಎಲ್‌ಟಿಒ-8ರದು ಬಿಟ್ಟರೆ ಹಿಂದಿನವರ ಗುರುತೇ ಇಲ್ಲ. ಬೀಗ ಗಟ್ಟಿಮುಟ್ಟಾಗಿರುತ್ತದೆ, ಕೀಲಿಕೈ ಮಾಡುವವನು ಅಂಗಡಿ ಮುಚ್ಚಿರುತ್ತಾನೆ. ಇಂಗ್ಲೆಂಡಿನಲ್ಲಿ 1086ರಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದ ಡೂಮ್ಸ್‌ಡೇ ಜಮೀನು ಲೆಕ್ಕ ಇಂದಿಗೂ ಓದಲು ಸಿಗುತ್ತದೆ. ಅದರ 900ನೆಯ ವರ್ಷಕ್ಕೆಂದು ಬಿಬಿಸಿ 1986ರಲ್ಲಿ ಲೇಸರ್ ಡಿಸ್ಕಿಗೆ ತುಂಬಿಸಿದ ಹೊಸ ಲೆಕ್ಕವನ್ನು, ಓದುವ ಯಂತ್ರಗಳೇ ಅಪರೂಪವಾಗಿ, ಇಪ್ಪತ್ತು ವರ್ಷ ತುಂಬುವ ಮೊದಲೇ ತಜ್ಞರು ಕೂತು ಬಿಡಿಸಬೇಕಾಯಿತು.

ಮೋಡವೂ ಉಂಟು. ಅದರಲ್ಲೂ ‘ತಣ್ಣನೆಯ ಸಂಗ್ರಹ’ ಬಲು ಅಗ್ಗ. ಇಡುವಾಗ ಬಾಗಿಲಲ್ಲೇ ನಿಂತು ಸ್ವಾಗತಿಸುತ್ತಾರೆ. ತೆಗೆಯಲು ಹೋದರೆ ಗಂಟೆಗಟ್ಟಲೆ ಕಾಯಿಸಿ ಮೀಟರ್ ಓಡಿಸುತ್ತಾರೆ, ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್‌ನಲ್ಲಿ ಸಿಗುವ ಆಟೊದ ಹಾಗೆ.

ಹಂತ 4. (ಹಂತ 3 ಇದ್ದ ಫೈಲು ತೆರೆಯುತ್ತಿಲ್ಲ.) ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ನಾನು ಕಂಡ ಒಂದು ಗ್ರಂಥಾಲಯ ಇದನ್ನು ಚಾಚೂ ತಪ್ಪದೆ ಪಾಲಿಸಿತ್ತು: ಮೂರು ಡಿಸ್ಕು, ಒಂದೇ ಬೀರು, ಒಂದೇ ಖಾನೆ. ಬೀರುವಿನ ಕೀಲಿಕೈ ಮಾತ್ರ ಬೇರೆ ಊರಿನಲ್ಲಿ, ರಜೆ ಹಾಕಿದ ಎಸ್‌ಡಿಎ ಜೇಬಿನಲ್ಲಿ. ನಗಬೇಡಿ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ನೌಕರರ ಕಡತಗಳಿದ್ದ 858 ಟಿಬಿ ಭಂಡಾರ ಸುಟ್ಟುಹೋಯಿತು. ಹೊರಗೆ ಬ್ಯಾಕಪ್ ಇರಲಿಲ್ಲ. ಅಷ್ಟು ದೊಡ್ಡದಕ್ಕೆ ಆಗುತ್ತಿರಲಿಲ್ಲ ಎಂಬುದು ಕೊಟ್ಟ ಕಾರಣ.

ನಮ್ಮಲ್ಲಿ ಟೆಂಡರ್ ಕರೆಯದೆ ಈ ಕೆಲಸ ಮಾಡಿದವಳು ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ‘ಹೆಚ್ಚು ಪ್ರತಿ ಇದ್ದರೆ ವಸ್ತು ಉಳಿಯುತ್ತದೆ’ ಎಂಬ ಅರ್ಥದ ಹೆಸರಿಟ್ಟು ಸ್ಟಾನ್‌ಫರ್ಡ್‌ನವರು ಲಾಕ್ಸ್ ಎಂಬ ತಂತ್ರಾಂಶ ಮಾಡುವ ಹೊತ್ತಿಗೆ ಅದು ಸಾವಿರ ವರ್ಷದ ಹಳೆಯ ಸುದ್ದಿ. ಓಲೆಗರಿಯೇನೂ ಅಮರವಲ್ಲ, ಹುಳು ಬೀಳುತ್ತದೆ, ಮುರಿಯುತ್ತದೆ. ಮುರಿಯುವ ಮೊದಲು ಇನ್ನೊಬ್ಬ ಲಿಪಿಕಾರ ಕೂತು ನಕಲು ಮಾಡುತ್ತಿದ್ದ. ಡಿಸ್ಕಿಗೂ ಐದಾರು ವರ್ಷಕ್ಕೊಮ್ಮೆ ಅಂಥವನೊಬ್ಬ ಬೇಕು. ಟೆಂಡರಿನಲ್ಲಿ ಪೆಟ್ಟಿಗೆಗೆ ಹದಿನೆಂಟು ಷರತ್ತುಗಳಿರುತ್ತವೆ. ಈ ಹುದ್ದೆಗೆ ಒಂದು ಸಾಲೂ ಇರುವುದಿಲ್ಲ.

ಹಂತ 5. ಪ್ರತಿ ಫೈಲಿಗೂ ಚೆಕ್‌ಸಮ್ ತೆಗೆದಿಟ್ಟು ಆಗಾಗ ತಾಳೆ ನೋಡಿ. ಒಂದೇ ಒಂದು ಬಿಟ್ ಕೆಟ್ಟರೂ ಅದು ಚಾಡಿ ಹೇಳುತ್ತದೆ. ಯೂನಿಕೋಡ್ ಬರುವ ಮೊದಲಿನ ಕನ್ನಡ ಫೈಲುಗಳ ಮಟ್ಟಿಗೆ ಮಾತ್ರ ಇದನ್ನು ನಂಬಬೇಡಿ: ಬಿಟ್ಟುಗಳೆಲ್ಲ ಕ್ಷೇಮ, ಫಾಂಟ್ ನಾಪತ್ತೆ. ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚುಕ್ಕಿ, ಆವರಣ ಚಿಹ್ನೆಗಳ ಜಾತ್ರೆ. ಇವತ್ತೇ ಯೂನಿಕೋಡಿಗೆ ಬದಲಿಸಿ. ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ.

ವಾರಂಟಿ. ಡಿಸ್ಕಿಗೆ ಸಾಮಾನ್ಯವಾಗಿ 3ರಿಂದ 5 ವರ್ಷ. ಅಷ್ಟರೊಳಗೆ ಕೆಟ್ಟರೆ ಬಿಲ್ ತೋರಿಸಿ, ಅಷ್ಟೇ ಸಾಮರ್ಥ್ಯದ ಇನ್ನೊಂದು ಡಿಸ್ಕು ಪುಕ್ಕಟೆ ಕೊಡುತ್ತಾರೆ. ಖಾಲಿಯದು.