ನಕ್ಷೆಯಲ್ಲಿ ಕೆಂಪು, ಹೊಲದಲ್ಲಿ ಹಸಿರು

ಬೈರಮಂಗಲದ ಟೀ ಅಂಗಡಿ. ಮಾವನ ಕೈಯಲ್ಲಿ ಅರ್ಧ ಲೋಟ ಟೀ, ಅಳಿಯನ ಕೈಯಲ್ಲಿ ಟೌನ್‌ಶಿಪ್ ನಕ್ಷೆ.

ಅಳಿಯ: ಮಾವ, ನಮ್ಮ ಹೊಲ ಯಾವ ಬಣ್ಣ ಗೊತ್ತಾ?

ಮಾವ: ಹಿಪ್ಪುನೇರಳೆ ಹಾಕಿವ್ನಿ, ಹಸ್ರಾಗೇ ಐತಲ್ಲೋ.

ಅಳಿಯ: ಅಯ್ಯೋ, ನಮ್ದು ಕೆಂಪು ವಲಯ, ಟೌನ್‌ಶಿಪ್‌ಗೆ ಗುರುತು ಮಾಡಿರೋ ಜಾಗ. 2006ರಲ್ಲೇ ಬಿಡದಿ ಟೌನ್‌ಶಿಪ್ ಅಂದಿದ್ರಲ್ಲ.

ಮಾವ: ಆಗ ನಿಂಗಿನ್ನೂ ಮದ್ವೆ ಆಗಿರ್ಲಿಲ್ಲ. ಈಗ ನಿನ್ನ ಮಗ ಮೀಸೆ ತಿರುವ್ತಾನೆ. ಟೌನ್‌ಶಿಪ್ ಇನ್ನೂ ದಾರೀಲೈತೆ.

ಅಳಿಯ: ಈ ಸಲ ಗ್ಯಾರಂಟಿ. 2025ರಲ್ಲಿ ಪ್ರಾಥಮಿಕ ಅಧಿಸೂಚನೆನೂ ಆಯ್ತು. ಕೃತಕ ಬುದ್ಧಿಮತ್ತೆಯ ಊರಂತೆ!

ಮಾವ: ಇರೋ ಬುದ್ಧೀಲಿ ಕೆರೆ ಹಸನು ಮಾಡಕಾಗ್ಲಿಲ್ಲ. ಬೆಂಗಳೂರಿನ ಕೊಚ್ಚೇನೆಲ್ಲ ವೃಷಭಾವತಿ ತಂದು ನಮ್ಮ ಕೆರೆಗೇ ಸುರೀತಾಳೆ. ಅದಕ್ಯಾವ ಬಣ್ಣ ಬಳಿದವ್ರೆ?

ಅಳಿಯ: ನೀಲಿ.

ಮಾವ: ಬಳಿದೋನು ಕೆರೆ ನೋಡಿಲ್ಲ ಬಿಡು. ನೊರೆ ಬೆಳ್ಳಗೆ, ನೀರು ಕರ್ರಗೆ.

ಅಳಿಯ: ರಾಮನಗರ ಜಿಲ್ಲೇನೂ ಈಗ ಬೆಂಗಳೂರು ದಕ್ಷಿಣ. ರೇಟು ಏರ್ತದೆ!

ಮಾವ: ರಾಮನಗರ ಹಿಂದೆ ಕ್ಲೋಸ್‌ಪೇಟೆ, ಅದಕ್ಕೂ ಮುಂಚೆ ಶಂಸೇರಾಬಾದು. ಎಷ್ಟು ಹೆಸರಿಟ್ರೂ ಎಕರೆ ಎಕರೇನೇ ಆಗಿತ್ತು. ಇನ್ಮೇಲೆ ಚದರಡಿ.

ಅಳಿಯ: ಹಂಗಾದ್ರೆ ಎಲ್ಲೂ ಏನೂ ಬದಲಾಗ್ಬಾರ್ದಾ?

ಮಾವ: ರಾಮದೇವರ ಬೆಟ್ಟದಾಗೆ ರಣಹದ್ದಿಗೆ 2012ರಲ್ಲೇ ಧಾಮ ಮಾಡಿದ್ರು. ಅದನ್ನ ಏಳು ಅನ್ನೋರಿಲ್ಲ. ಹುಟ್ಟಿದ್ರೆ ಹದ್ದಾಗಿ ಹುಟ್ಬೇಕಿತ್ತು, ರೈತನಾಗಿ ಕೆಟ್ಟೆ.

ಅಳಿಯ: ಸರಿ, ಟೀ ದುಡ್ಡು?

ಮಾವ: ನೀನೇ ಕೊಡಪ್ಪ. ಕೆಂಪು ವಲಯದೋನಿಗೆ ಬ್ಯಾಂಕಲ್ಲೇ ಸಾಲ ಹುಟ್ಟಲ್ಲ, ಟೀ ಅಂಗಡೀಲಿ ಹುಟ್ತದಾ?